ತಡವರಿಸದೆ ಒಪ್ಪಿಸಬೇಕಾದ ಪಾಠ

ನಮ್ಮ ಬಂದರು ಊರು ಜೆರೆಮಿಯಲ್ಲಿ ಓದು ಅಂದರೆ ಬಾಯಿ. ಸಂಜೆ ಬಿಸಿಲು ಇಳಿದ ಮೇಲೆ ಸಮುದ್ರದ ಕಟ್ಟೆಯ ಕಡೆ ಹೋಗಿ ನೋಡಿ, ಹುಡುಗ ಹುಡುಗಿಯರು ಪುಸ್ತಕವನ್ನು ಎದೆಗೊತ್ತಿಕೊಂಡು, ಕಣ್ಣು ಮುಚ್ಚಿ, ಅತ್ತಿಂದಿತ್ತ ನಡೆಯುತ್ತ ಗೊಣಗುತ್ತಿರುತ್ತಾರೆ. ಹೊರಗಿನವರು ಕಂಡರೆ ಊರಿಗೆ ಊರೇ ಜಪ ಹಿಡಿದಿದೆ ಅಂದುಕೊಂಡಾರು. ಗೊಣಗುವುದೆಲ್ಲ ಫ್ರೆಂಚಿನಲ್ಲಿ. ಬೈಯುವುದು, ನಗುವುದು, ಹೆರುವುದು, ಸಾಯುವುದು ಮಾತ್ರ ಮನೆಮಾತಾದ ಕ್ರಿಯೋಲಿನಲ್ಲಿ. ಫ್ರೆಂಚು ಶಾಲೆಗೆ, ಕೋರ್ಟಿಗೆ, ಒಳ್ಳೆಯ ಬಟ್ಟೆ ತೊಟ್ಟ ಭಾನುವಾರಕ್ಕೆ. ಪಾಠ ಅರ್ಥವಾಯಿತೇ ಎಂದು ಕೇಳುವ ಮೇಷ್ಟರನ್ನು ಈ ಊರು ಆಗಿನ್ನೂ ಹೆತ್ತಿರಲಿಲ್ಲ. ಒಪ್ಪಿಸಿದನೋ ಇಲ್ಲವೋ, ಅಷ್ಟೇ ಲೆಕ್ಕ.

ಇಸ್ಮಾನಿ ಈ ವಿದ್ಯೆಯಲ್ಲಿ ಪಳಗಿದವಳು. ಹದಿನೇಳು ವರ್ಷದ ಹುಡುಗಿ, ಹೈಸ್ಕೂಲು ಮುಗಿಯಲು ಇನ್ನೊಂದೇ ವರ್ಷ. ಚಿಕ್ಕಂದಿನಿಂದಲೂ ತರಗತಿಯ ಮೊದಲ ಸ್ಥಾನವನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಪುಟ ತೋರಿಸಿದರೆ ಸಾಕು, ಮೊದಲ ಅಕ್ಷರದಿಂದ ಕೊನೆಯ ಚುಕ್ಕೆಯವರೆಗೆ ಎಲ್ಲೂ ಎಡವದೆ ಒಪ್ಪಿಸಿಬಿಡುತ್ತಿದ್ದಳು. ತಾಯಿ ತಂದೆ ಇಲ್ಲದ ಅವಳನ್ನು ಬಟ್ಟೆ ಹೊಲಿಯುವ ಚಿಕ್ಕಮ್ಮ ಸಾಕಿದ್ದಳು. ಅನ್ನ ಬಟ್ಟೆ ಚಿಕ್ಕಮ್ಮನದು, ಶಾಲೆಯ ಫೀಸು ಮಾತ್ರ ಅವಳ ಪಾಡು. ಹಾಗಾಗಿ ಶಾಲೆ ಬಿಟ್ಟ ಮೇಲೆ ಇಸ್ಮಾನಿ ಮನೆಪಾಠ ಹೇಳುತ್ತಿದ್ದಳು.

ಆ ವರ್ಷ ಅವಳ ಪಾಲಿಗೆ ಸಿಕ್ಕಿದವನು ಒನಿಯೆಲ್. ಹನ್ನೆರಡು ವರ್ಷದ ಹುಡುಗ, ಹಿಂದಿನ ವರ್ಷ ಆರನೆಯ ತರಗತಿಯ ಸರ್ಟಿಫಿಕಾ ಪರೀಕ್ಷೆಯಲ್ಲಿ ನಪಾಸಾಗಿದ್ದ. ಅವನ ತಾಯಿ ಬಂದರಿನ ಸಂತೆಯಲ್ಲಿ ಮೀನು ಮಾರುತ್ತಿದ್ದಳು. ಗಂಡ ಫೆನೆಲಿಸ್ ಹಾಯಿದೋಣಿಯಲ್ಲಿ ಇದ್ದಿಲು, ದಿವಿಹಲಸು ತುಂಬಿಕೊಂಡು ರಾಜಧಾನಿಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಆಕೆಯನ್ನು ಎಲ್ಲರೂ ಗಂಡನ ಹೆಸರು ಹಿಡಿದು ಮದಾನ್ ಫೆನೆಲಿಸ್ ಎಂದೇ ಕರೆಯುತ್ತಿದ್ದರು. ದನಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು, ಕೋಪ ಎರಡಕ್ಕಿಂತಲೂ ದೊಡ್ಡದು. ಮೊದಲ ದಿನವೇ ಗೋಡೆಯ ಮೊಳೆಗೆ ತೂಗುಹಾಕಿದ್ದ ಚರ್ಮದ ಬಾರುಕೋಲನ್ನು ತೆಗೆದು ಇಸ್ಮಾನಿಯ ಕೈಗೆ ಕೊಟ್ಟಿದ್ದಳು.

"ತಗೋ ಟೀಚರಮ್ಮ. ಇವನ ಚರ್ಮ ಎಲ್ಲಾ ನಿಂದು. ಮೂಳೆ ಮಾತ್ರ ನಂಗೆ ಉಳಿಸಿಕೊಡು."

"ಹೊಡೀದೇನೇ ಕಲಿಸ್ತೀನಿ ಅಮ್ಮಾ."

"ಹೊಡೀದೆ ಕಲಿತೋರನ್ನ ನಾನಂತೂ ಕಂಡಿಲ್ಲ. ಆಯ್ತು, ನಿನ್ನಿಷ್ಟ. ಆದ್ರೆ ಒಂದ್ಮಾತು ಹೇಳು. ನಂಗೆ ಓದೋಕೆ ಬರಲ್ಲ, ಫ್ರೆಂಚಂತೂ ಮೊದ್ಲೇ ಬರಲ್ಲ. ಇವನು ಕಲಿತ್ನೋ ಇಲ್ವೋ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಮೀನಾದ್ರೆ ಕಿವಿರು ಎತ್ತಿ ನೋಡ್ತೀನಿ. ಪಾಠಕ್ಕೆ ಕಿವಿರು ಎಲ್ಲಿರತ್ತೆ?"

ಇಸ್ಮಾನಿಗೆ ನಗು ಬಂತು. "ಸುಲಭ ಅಮ್ಮಾ. ಒಪ್ಪಿಸುವಾಗ ಸುಮ್ನೆ ಕಿವಿಗೊಟ್ಟು ಕೇಳಿ. ನಾಲಿಗೆ ತಡವರಿಸ್ತಾ, ಪಾಠ ಬಂದಿಲ್ಲ ಅಂತ. ಎಲ್ಲೂ ನಿಲ್ಲದೆ ಕೊನೇವರೆಗೂ ಹೋಯ್ತಾ, ಬಂದಿದೆ ಅಂತ."

ಮದಾನ್ ಫೆನೆಲಿಸ್ ಆ ಮಾತನ್ನು ಗಂಟು ಹಾಕಿಟ್ಟುಕೊಂಡಳು. ಅಂದಿನಿಂದ ಸಂತೆ ಮುಗಿಸಿ ಬಂದು, ಕೈಗೆ ನಿಂಬೆ ಉಜ್ಜಿ ತೊಳೆದು, ಮಗನ ಎದುರು ಮಣೆ ಹಾಕಿಕೊಂಡು ಕೂರುವಳು. ಪುಸ್ತಕ ಆಕೆಯ ತೊಡೆಯ ಮೇಲೆ ತೆರೆದೇ ಇರುತ್ತಿತ್ತು, ಎಷ್ಟೋ ಸಲ ತಲೆಕೆಳಗಾಗಿ. ಒನಿಯೆಲ್ ಕೈಕಟ್ಟಿಕೊಂಡು ನಿಂತು ಒಪ್ಪಿಸುವನು. ಉಸಿರೆಳೆಯುವಷ್ಟು ಹೊತ್ತು ನಿಂತರೂ ಆಕೆಯ ಹುಬ್ಬು ಮೇಲೇರುತ್ತಿತ್ತು. ತಪ್ಪಾದ ಸಾಲನ್ನು ರಭಸವಾಗಿ ದಾಟಿಬಿಟ್ಟರೆ ಹುಬ್ಬು ಅಲುಗುತ್ತಿರಲಿಲ್ಲ. ಹುಡುಗ ಇದನ್ನು ಬೇಗನೇ ಕಂಡುಕೊಂಡ, ಅವನೇನು ದಡ್ಡನಲ್ಲ.

ಒಂದು ಸಲ ಅವನು ಕೇಳಿದ್ದುಂಟು. "ಅಕ್ಕಾ, ಈ ಸಾಲಿಗೆ ಅರ್ಥ ಏನು?"

"ಅರ್ಥ ಕಟ್ಕೊಂಡು ಏನ್ಮಾಡ್ತೀಯೋ? ಪರೀಕ್ಷೆಯೋರು ಕೇಳೋದು ಪಾಠಾನ."

ಹೇಳಿದವಳಿಗೆ ಆ ಸಾಲಿನ ಅರ್ಥ ಗೊತ್ತಿರಲಿಲ್ಲ ಎಂದಲ್ಲ. ಕೂತು ಬಿಡಿಸಿದರೆ ಗೊತ್ತಾಗುತ್ತಿತ್ತು. ಬಿಡಿಸಬೇಕು ಎಂದು ಯಾರೂ ಅವಳಿಗೆ ಯಾವತ್ತೂ ಹೇಳಿರಲಿಲ್ಲ.

ಆ ಮನೆಯಲ್ಲಿ ಇನ್ನೊಬ್ಬ ವಿದ್ಯಾರ್ಥಿನಿಯೂ ಇದ್ದಳು, ಲುನಿ. ಇನ್ನೂ ವರ್ಷ ತುಂಬದ ಕೂಸು. ಪಾಠ ಶುರುವಾಯಿತೆಂದರೆ ಅಂಬೆಗಾಲಿಕ್ಕಿಕೊಂಡು ಬಂದು ಇಸ್ಮಾನಿಯ ಪಾದದ ಮೇಲೆ ಕೂತುಬಿಡುವಳು. ಪಾದ ಎತ್ತಿ ಇಳಿಸಿ ತೂಗುತ್ತಲೇ ಇಸ್ಮಾನಿ ಪಾಠ ಹೇಳಬೇಕು. ತೂಗುವುದು ನಿಂತರೆ ಕೂಸು ಅಣ್ಣನಿಗಿಂತ ಜೋರಾಗಿ ಒಪ್ಪಿಸಲು ಶುರುಮಾಡುತ್ತಿತ್ತು. ಒಡಹುಟ್ಟಿದವರಿಲ್ಲದ ಇಸ್ಮಾನಿಗೆ ಆ ಕಾಲ ಮೇಲಿನ ಭಾರ ಬಲು ಇಷ್ಟ. ಆ ಮನೆಗೆ ಅವಳು ಬೇಗ ಬರುತ್ತಿದ್ದುದೂ ತಡವಾಗಿ ಏಳುತ್ತಿದ್ದುದೂ ಫೀಸಿಗಾಗಿ ಮಾತ್ರವಲ್ಲ.

ಮೇ ತಿಂಗಳಲ್ಲಿ ಮಳೆ ಹೊಯ್ದು ಹೊಳೆ ಕೆಂಪಗೆ ತಿರುಗಿತು. ಊರಿನ ಕೇರಿಗಳಲ್ಲಿ ಮಕ್ಕಳಿಗೆ ವಾಂತಿ ಭೇದಿ ಹತ್ತಿಕೊಂಡಿತು. ಈಗಿನ ಹಾಗೆ ರೇಡಿಯೋ ಹೊತ್ತು ಹೊತ್ತಿಗೆ ಬುದ್ಧಿ ಹೇಳುತ್ತಿದ್ದ ಕಾಲವಲ್ಲ ಅದು. ಲುನಿಗೂ ಬಂತು. ಮೊದಲ ಸಂಜೆ ಕೂಸಿನ ಅಳುವಿನಿಂದ ಓದಿಗೆ ತೊಂದರೆಯಾಗುತ್ತದೆಂದು ತಾಯಿಯೇ ಕುರ್ಚಿಗಳನ್ನು ಹೊರಗಿನ ಜಗಲಿಗೆ ಹಾಕಿಸಿಕೊಟ್ಟಳು. ಪರೀಕ್ಷೆ ಹತ್ತಿರ ಬಂದಿತ್ತಲ್ಲ.

ಮರುದಿನ ಸಂಜೆ ಮೋಡ ಕವಿದಿತ್ತು, ಒಳಗೇ ಕೂತರು. ಕೂಸು ಅಳುತ್ತಿರಲಿಲ್ಲ. ಪರದೆಯ ಆಚೆ ಮಂಚದ ಮೇಲೆ ತಾಯಿಯ ತೊಡೆಯಲ್ಲಿ ಮಲಗಿತ್ತು. ಸುಧಾರಿಸಿರಬೇಕು ಎಂದುಕೊಂಡು ಇಸ್ಮಾನಿ ಆರೋಗ್ಯದ ಪುಸ್ತಕ ತೆರೆದಳು. ಕೊನೆಯ ಪಾಠ ಉಳಿದಿತ್ತು. ಒನಿಯೆಲ್ ಅದನ್ನು ಬೆಳಿಗ್ಗೆಯಿಂದ ಉರುಹೊಡೆದಿದ್ದ. ಕೈಕಟ್ಟಿ ನಿಂತು ಶುರುಮಾಡಿದ.

ಶಿಶುವಿಗೆ ಭೇದಿಯಾದಾಗ ಶರೀರದ ನೀರು ನಷ್ಟವಾಗುತ್ತದೆ, ಕಣ್ಣುಗಳು ಗುಳಿ ಬೀಳುತ್ತವೆ, ನೆತ್ತಿ ಕುಸಿಯುತ್ತದೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಹಾಗೆಯೇ ನಿಲ್ಲುತ್ತದೆ. ಆಗ ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಸಕ್ಕರೆಯನ್ನೂ ಉಪ್ಪನ್ನೂ ಬೆರೆಸಿ ಕುಡಿಸಬೇಕು. ಅಳತೆ, ಎಚ್ಚರಿಕೆ, ಸಮಯ ಎಲ್ಲವೂ ಆ ಪಾಠದಲ್ಲಿದ್ದವು. ಎಲ್ಲ ಫ್ರೆಂಚಿನಲ್ಲಿ, ಒಂದೇ ಉಸಿರಿನಲ್ಲಿ ಬಂತು. ಇಸ್ಮಾನಿ ಬೆರಳಿನಿಂದ ಸಾಲು ಹಿಡಿಯುತ್ತ ಹೋದಳು. ಒಂದು ಅಕ್ಷರವೂ ತಪ್ಪಲಿಲ್ಲ.

"ಶಹಬ್ಬಾಸ್ ನನ್ನ ಮಗನೇ! ಒಂದ್ಕಡೆನೂ ನಿಲ್ಲಲಿಲ್ಲ ನೋಡು!" ಎಂದಳು ಪರದೆಯ ಆಚೆಯಿಂದ ತಾಯಿ.

ದೀಪ ಹಚ್ಚಲು ಆಕೆ ಕೂಸನ್ನು ಒಂದು ತೋಳಿನಲ್ಲಿ ಎತ್ತಿಕೊಂಡು ಈಚೆ ಬಂದಳು. ಅಂಗಿ ಮೇಲೆ ಸರಿದು ಲುನಿಯ ಹೊಟ್ಟೆ ಕಾಣುತ್ತಿತ್ತು. ತಾಯಿಯ ಹೆಬ್ಬೆರಳಿಗೆ ಸಿಕ್ಕಿದ್ದಲ್ಲಿ ಚರ್ಮ ಮಡಿಕೆಯಾಗಿ ಎದ್ದು ನಿಂತಿತ್ತು. ಬೆರಳು ಸರಿದರೂ ಅದು ಇಳಿಯಲಿಲ್ಲ. ಇಸ್ಮಾನಿ ಕೂಸಿನ ಮುಖ ನೋಡಿದಳು, ಕಣ್ಣು ನೋಡಿದಳು, ನೆತ್ತಿ ನೋಡಿದಳು. ಐದು ವರ್ಷದ ಹಿಂದೆ ತಾನೇ ಒಪ್ಪಿಸಿ ಪೂರ್ತಿ ಅಂಕ ಪಡೆದಿದ್ದ ಪಾಠ, ಈಗ ತಾನೆ ಬೆರಳಿಟ್ಟು ಹಿಡಿದಿದ್ದ ಸಾಲುಗಳು, ಒಂದೊಂದಾಗಿ ಆ ಮುಖದ ಮೇಲೆ ಕಾಣಿಸಿದವು.

"ಅಮ್ಮಾ, ಕೂಸಿಗೆ ಕುಡಿಯೋಕೆ ಏನು ಕೊಡ್ತಿದ್ದೀರಿ?"

"ಕುಡಿಯೋಕಾ? ಏನೂ ಇಲ್ಲ. ಎಲೆಮದ್ದಿನ ಮುದುಕ ಬಂದಿದ್ದ. ಹೊಟ್ಟೆ ಒಣಗಬೇಕು ಅಂದ. ಸೀಬೆ ಎಲೆ ಕಷಾಯದಲ್ಲಿ ಬಟ್ಟೆ ಅದ್ದಿ ತುಟಿಗೆ ಸವರ್ತಿದ್ದೀನಿ."

"ನೀರು ಕೊಡ್ಬೇಕಮ್ಮಾ. ತುಂಬಾ ಕೊಡ್ಬೇಕು."

"ತಲೆ ಕೆಟ್ಟಿದೆಯಾ ನಿಂಗೆ? ಹಿಂದಿನಿಂದ ಹರಿಯೋದನ್ನ ನಿಲ್ಲಿಸೋಕೆ ಮುಂದಿನಿಂದ ಸುರೀಬೇಕಾ? ತೂತು ಕೊಡಕ್ಕೆ ನೀರು ಹುಯ್ದಂಗೆ!"

"ಪುಸ್ತಕದಲ್ಲಿದೆ ಅಮ್ಮಾ. ಈಗ ಒನಿಯೆಲ್ ಒಪ್ಪಿಸಿದ್ನಲ್ಲ, ಅದೇ ಪಾಠ."

ಮದಾನ್ ಫೆನೆಲಿಸ್ ಮಗನ ಮುಖ ನೋಡಿದಳು, ಪುಸ್ತಕ ನೋಡಿದಳು. ಪುಸ್ತಕವೆಂದರೆ ಆಕೆಗೆ ಭಕ್ತಿ. ದೀಪವನ್ನು ಕೆಳಗಿಟ್ಟು, "ಅದರಲ್ಲಿ ಏನಂತೆ? ನಮ್ಮ ಮಾತಲ್ಲಿ ಹೇಳು, ಕೇಳ್ತೀನಿ," ಎಂದಳು. ಆಕೆ ನಿಜವಾಗಿಯೂ ಕೇಳಲು ಸಿದ್ಧಳಿದ್ದಳು. ಇದನ್ನು ಹೇಳಲೇಬೇಕು.

ಇಸ್ಮಾನಿ ಬಾಯಿ ತೆರೆದಳು. ಫ್ರೆಂಚಿನ ಸಾಲುಗಳು ಮೈಮೇಲೆ ಬಿದ್ದ ಹಾಗೆ ಮುಂದೆ ಬಂದವು. ಅವನ್ನು ಪಕ್ಕಕ್ಕೆ ತಳ್ಳಿದರೆ ಹಿಂದೆ ಏನೂ ಇರಲಿಲ್ಲ.

"ಮಗುವಿನ ಒಳಗಿನ... ಆ... ನೀರು, ಅಂದ್ರೆ ರಕ್ತದ ನೀರು... ಅಲ್ಲ... ಮೈಯಲ್ಲಿರೋ ನೀರು ಹೋದಾಗ... ಒಂದು ಲೀಟರಿಗೆ..."

"ಲೀಟರು ಅಂದ್ರೆ ಎಷ್ಟು? ನಮ್ಮನೇಲಿ ಯಾವುದ್ರಲ್ಲಿ ಅಳೀಬೇಕು?"

"ಒಂದು ಲೀಟರು ಅಂದ್ರೆ... ಒಂದು... ಆಮೇಲೆ ಉಪ್ಪು ಆರು ಚಮಚ... ಅಲ್ಲ, ತಡೀರಿ... ಸಕ್ಕರೆ ಅರ್ಧ... ಅಲ್ಲ..."

ಅವಳಿಗೇ ಹೆದರಿಕೆಯಾಯಿತು. ಉಪ್ಪು ಹೆಚ್ಚಾದರೆ ಕೂಸಿನ ಗತಿಯೇನು? ಪುಸ್ತಕದ ಹಾಳೆ ತಿರುವಿದಳು. ಅಕ್ಷರಗಳು ಕಂಡವು, ಅಷ್ಟೇ. ನಾಲಿಗೆ ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು.

"ಆಸ್ಪತ್ರೆಗಾದ್ರೂ ಕರ್ಕೊಂಡು ಹೋಗೋಣ ಅಮ್ಮಾ."

"ನನ್ನ ತಂಗಿ ಮಗನ್ನ ಕರ್ಕೊಂಡು ಹೋಗಿದ್ವಲ್ಲ. ನಡ್ಕೊಂಡು ಹೋದೋನು ಹಲಗೆ ಮೇಲೆ ಬಂದ." ಆಕೆಯ ದನಿಯಲ್ಲಿ ಕೋಪವಿರಲಿಲ್ಲ. "ನೋಡು ಮಗಳೇ, ನಿಂಗೆ ಲುನಿ ಮೇಲೆ ಎಷ್ಟು ಪ್ರೀತಿ ಅಂತ ನಂಗೊತ್ತು. ಆದ್ರೆ ನೀನೇ ಹೇಳಿದ್ದಲ್ವಾ, ನಾಲಿಗೆ ತಡವರಿಸಿದ್ರೆ ಪಾಠ ಬಂದಿಲ್ಲ ಅಂತ. ನಿಂಗೆ ಈ ಪಾಠ ಬಂದಿಲ್ಲ. ಬರದೇ ಇರೋ ಪಾಠಾನ ನನ್ನ ಕೂಸಿನ ಮೇಲೆ ಮಾಡಬೇಡ. ಹೋಗು, ಮಳೆ ಬರೋ ಹಂಗಿದೆ."

ಇಸ್ಮಾನಿ ಪುಸ್ತಕವನ್ನು ಬಗಲಿಗೆ ಇರುಕಿಕೊಂಡು ಓಡಿದಳು. ಮನೆ ಸೇರಿ, ಹೊಲಿಗೆ ಯಂತ್ರದ ಮುಂದಿದ್ದ ಚಿಕ್ಕಮ್ಮ ಏನು ಕೇಳಿದಳೆಂಬುದನ್ನೂ ಕಿವಿಗೆ ಹಾಕಿಕೊಳ್ಳದೆ ನೆಲದ ಮೇಲೆ ಕೂತು ಆ ಪುಟ ತೆರೆದಳು. ಜೀವಮಾನದಲ್ಲಿ ಮೊದಲ ಸಲ ಒಂದು ಪಾಠವನ್ನು ಓದಿದಳು. ಲೀಟರು ಎಂದರೆ ಎಷ್ಟು? ಮೂಲೆಯಲ್ಲಿ ಬಿದ್ದಿದ್ದ ಸೋಡಾ ಬಾಟಲಿಯ ಬುಡ ತಿರುಗಿಸಿ ನೋಡಿದರೆ ಅಳತೆ ಬರೆದಿತ್ತು. ಅಂಥ ಬಾಟಲಿ ಮೂರು ಆದರೆ ಒಂದು ಲೀಟರು. ಸಕ್ಕರೆ ಕಾಫಿ ಚಮಚದಲ್ಲಿ ಆರು, ಉಪ್ಪು ಅದೇ ಚಮಚದಲ್ಲಿ ಅರ್ಧ, ಗುಡ್ಡೆಯಾಗಿ ಅಲ್ಲ, ತಲೆ ಸವರಿ. ಪಾತ್ರೆಯಲ್ಲಿ ನೀರು ಕುದಿಸಿ ಆರಿಸಿ, ಬೆರೆಸಿ, ನಾಲಿಗೆಗೆ ಹಚ್ಚಿ ನೋಡಿದಳು. ಕಣ್ಣೀರಿಗಿಂತ ಉಪ್ಪಾಗಿರಬಾರದು ಎಂದು ಪುಸ್ತಕ ಹೇಳಿತ್ತು. ಉಪ್ಪಾಗಿರಲಿಲ್ಲ.

ಆಗಲೇ ಆ ಪಾತ್ರೆಯನ್ನು ಎತ್ತಿಕೊಂಡು ಓಡಬಹುದಿತ್ತು. ಮಳೆ ಇನ್ನೂ ಹನಿ ಹಾಕಿರಲಿಲ್ಲ. ಅವಳು ಬಾಗಿಲವರೆಗೆ ಬಂದಳು ಕೂಡ. ಆದರೆ ಮತ್ತೆ ತಡವರಿಸಿದರೆ? ಮತ್ತೆ ಎಲ್ಲೋ ಒಂದು ಕಡೆ ನಿಂತುಬಿಟ್ಟರೆ ಆ ಹೆಂಗಸು ನಂಬುತ್ತಾಳೆಯೇ? ಚೆನ್ನಾಗಿ ಬಾಯಿಗೆ ಬರಲಿ, ಆಮೇಲೆ ಹೋಗೋಣ ಎಂದುಕೊಂಡಳು. ನಮ್ಮೂರಿನ ಶಾಲೆಗಳು ಅವಳಿಗೆ ಹನ್ನೊಂದು ವರ್ಷ ಕಲಿಸಿದ್ದು ಇದನ್ನೇ. ಅರ್ಧಂಬರ್ಧ ಹೇಳಿದ್ದರೂ, ಬಿಕ್ಕಿ ಬಿಕ್ಕಿ ಹೇಳಿದ್ದರೂ, ಕಾಲು ಹಿಡಿದು ಕೂಸಿನ ಬಾಯಿಗೆ ತಾನೇ ಒಂದು ಚಮಚ ಹಾಕಿದ್ದರೂ ಆಗುತ್ತಿತ್ತು ಎಂದು ಈಗ ಯಾರು ಬೇಕಾದರೂ ಹೇಳಬಹುದು. ಅವಳು ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತ, ಕಣ್ಣು ಮುಚ್ಚಿ, ಕ್ರಿಯೋಲಿನಲ್ಲಿ ಉರುಹೊಡೆಯಲು ಶುರುಮಾಡಿದಳು. ಒಂದು ಸಾಲು ಕೂರುವಷ್ಟರಲ್ಲಿ ಹಿಂದಿನದು ಜಾರುತ್ತಿತ್ತು. ಫ್ರೆಂಚು ನಡುವೆ ನುಗ್ಗುತ್ತಿತ್ತು. ಇನ್ನೊಂದು ಸಲ, ಇನ್ನೊಂದೇ ಸಲ ಎನ್ನುತ್ತಿರುವಾಗ ಮಳೆ ಬಂತು, ಎರಡು ಕೇರಿಗಳ ನಡುವಿನ ಹಳ್ಳ ತುಂಬಿತು, ಚಿಕ್ಕಮ್ಮ ಬಾಗಿಲಿಗೆ ಅಗುಳಿ ಹಾಕಿ ಅದರ ಮುಂದೆಯೇ ಚಾಪೆ ಹಾಸಿದಳು.

"ಹಳ್ಳದಲ್ಲಿ ಹೆಣವಾಗ್ತೀಯಾ? ಬೆಳಿಗ್ಗೆ ಹೋಗೆ, ಮಾರಾಯ್ತಿ."

ಬೆಳಕು ಹರಿಯುವ ಹೊತ್ತಿಗೆ ಹಳ್ಳ ಮೊಣಕಾಲಿಗೆ ಇಳಿದಿತ್ತು. ಬೆರೆಸಿಟ್ಟ ಪಾತ್ರೆಯನ್ನು ಮರೆತು ಇಸ್ಮಾನಿ ದಾಟಿ ಹೋದಳು. ಈಗ ಪಾಠ ನಾಲಿಗೆಯ ತುದಿಯಲ್ಲಿತ್ತು. ಎಲ್ಲಿ ಚೆಲ್ಲಿ ಹೋಗುತ್ತದೋ ಎಂಬ ಭಯದಲ್ಲಿ ಅವಳು ಯಾರ ಮುಖವನ್ನೂ ನೋಡಲಿಲ್ಲ. ಅಂಗಳದಲ್ಲಿ ಇಬ್ಬರು ಹೆಂಗಸರು ಬೆಂಚಿನ ಮೇಲೆ ಕೂತಿದ್ದರು, ಒನಿಯೆಲ್ ಮೆಟ್ಟಿಲ ಮೇಲಿದ್ದ, ಅವಳನ್ನು ಕಂಡು ಎದ್ದು ನಿಂತ. ಅವಳು ಅವರನ್ನೆಲ್ಲ ದಾಟಿ ಒಳಗೆ ಹೋಗಿ, ಮದಾನ್ ಫೆನೆಲಿಸ್‌ಳ ಎದುರು ನಿಂತು, ಕೈಕಟ್ಟಿ, ಕಣ್ಣು ಮುಚ್ಚಿಕೊಂಡಳು.

"ಭೇದಿಯಾದ ಮಗು ಸಾಯೋದು ಭೇದಿಯಿಂದಲ್ಲ, ಮೈಯಲ್ಲಿನ ನೀರು ಬರಿದಾಗಿ. ಅದಕ್ಕೆ ಹೋದಷ್ಟನ್ನೂ ತುಂಬಿಕೊಡಬೇಕು. ಮೂರು ಸೋಡಾ ಬಾಟಲಿ ನೀರನ್ನ ಕುದಿಸಿ ಆರಿಸು. ಕಾಫಿ ಚಮಚದಲ್ಲಿ ಆರು ಚಮಚ ಸಕ್ಕರೆ ಹಾಕು. ಅದೇ ಚಮಚದಲ್ಲಿ ಅರ್ಧ ಚಮಚ ಉಪ್ಪು ಹಾಕು, ಅದಕ್ಕಿಂತ ಹೆಚ್ಚು ಬೇಡ. ಚಮಚ ಚಮಚವಾಗಿ ಕುಡಿಸು. ವಾಂತಿ ಮಾಡಿದ್ರೆ ಸ್ವಲ್ಪ ತಡೆದು ಮತ್ತೆ ಕುಡಿಸು. ಮೊಲೆ ಬಿಡಿಸಬೇಡ. ಮಗು ಬೇಡ ಅಂದ್ರೂ ಬಿಡಬೇಡ. ಉಚ್ಚೆ ಹೊಯ್ಯೋವರೆಗೂ ಕುಡಿಸ್ತಾನೇ ಇರು."

ಎಲ್ಲೂ ನಿಲ್ಲಲಿಲ್ಲ. ಒಂದು ಪದವೂ ತೊದಲಲಿಲ್ಲ. ಕಣ್ಣು ತೆರೆದಳು.

ಕನ್ನಡಿಯನ್ನು ಗೋಡೆಗೆ ತಿರುಗಿಸಿದ್ದರು, ಸಾವಿನ ಮನೆಯಲ್ಲಿ ಮಾಡುವ ಹಾಗೆ. ಪಾಠದ ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ದೀಕ್ಷಾಸ್ನಾನದ ದಿನ ತೊಡಿಸಿದ್ದ ಅಂಗಿಯನ್ನು ತೊಡಿಸಿ ಲುನಿಯನ್ನು ಮಲಗಿಸಿದ್ದರು. ಆ ಅಂಗಿ ಚಿಕ್ಕದಾಗಿತ್ತು, ಬೆನ್ನಿನ ಗುಂಡಿ ಹಾಕಲು ಬಂದಿರಲಿಲ್ಲ. ತಾಯಿ ಮಂಚದ ಅಂಚಿಗೆ ಕೂತು ಇಸ್ಮಾನಿಯನ್ನೇ ನೋಡುತ್ತಿದ್ದಳು. ಕೊನೆಯವರೆಗೂ ನಡುವೆ ಬಾಯಿ ಹಾಕದೆ ಕೇಳಿದ್ದಳು.

"ಈಗ ಬಂತು," ಎಂದಳು. "ಒಂದ್ಕಡೆನೂ ನಿಲ್ಲಲಿಲ್ಲ."

"ಅಮ್ಮಾ..."

"ನಿನ್ನೆ ಹಿಂಗೇ ಹೇಳಿದ್ದಿದ್ರೆ ಕೊಡ್ತಿದ್ದೆ ಮಗಳೇ."

ಬೈದಿದ್ದರೆ ಇಸ್ಮಾನಿ ತಾಳಿಕೊಳ್ಳುತ್ತಿದ್ದಳು. ಮೊಳೆಯ ಮೇಲಿನ ಬಾರುಕೋಲನ್ನು ತೆಗೆದು ಹೊಡೆದಿದ್ದರೆ ಬೆನ್ನು ಕೊಡುತ್ತಿದ್ದಳು. ಆಕೆ ಎರಡನ್ನೂ ಮಾಡಲಿಲ್ಲ. ಇಸ್ಮಾನಿ ನೆಲದ ಮೇಲೆ ಕೂತು ಮೇಜಿನ ಕಾಲನ್ನು ತಬ್ಬಿಕೊಂಡು ಹೋ ಎಂದು ಅತ್ತಳು. ಮದಾನ್ ಫೆನೆಲಿಸ್ ಸ್ವಲ್ಪ ಹೊತ್ತು ಅಳಲು ಬಿಟ್ಟಳು. ಆಮೇಲೆ ಎದ್ದು ಬಂದು ಅವಳ ಮಣಿಕಟ್ಟು ಹಿಡಿದಳು. ಮೀನಿನ ಬುಟ್ಟಿ ಎತ್ತುವ ಕೈ ಅದು, ಬಿಡಿಸಿಕೊಳ್ಳುವಂತಿರಲಿಲ್ಲ.

"ಏಳು. ಅಳೋದು ಆಮೇಲೆ ಇದ್ದೇ ಇದೆ. ಕ್ಲೆಮಾನ್ಸ್ ಮಗನಿಗೆ ರಾತ್ರಿಯಿಂದ ಶುರುವಾಗಿದೆ."

ಕ್ಲೆಮಾನ್ಸ್‌ಳ ಮನೆ ಅದೇ ಅಂಗಳದ ಆ ತುದಿಯಲ್ಲಿತ್ತು. ಅವಳು ಹೊಸಿಲಿನಲ್ಲಿ ಕೂತು ಮಗನನ್ನು ಮಡಿಲಲ್ಲಿ ಹಾಕಿಕೊಂಡಿದ್ದಳು. ಸತ್ತ ಮನೆಯ ತಾಯಿ ತನ್ನ ಬಾಗಿಲಿಗೆ ಬಂದದ್ದನ್ನು ಕಂಡು ಬೆಚ್ಚಿ ಮಗನನ್ನು ಎದೆಗೆ ಅವುಚಿಕೊಂಡಳು. ಅವಳ ಕೈಯಲ್ಲೂ ಕಷಾಯದಲ್ಲಿ ಅದ್ದಿದ ಬಟ್ಟೆಯ ತುಂಡಿತ್ತು.

"ಅದನ್ನ ಆಚೆ ಬಿಸಾಕು," ಎಂದಳು ಮದಾನ್ ಫೆನೆಲಿಸ್. "ಈ ಹುಡುಗಿ ಹೇಳೋದು ಕೇಳು. ಹೇಳೇ ಇಸ್ಮಾನಿ."

ಟೀಚರಮ್ಮ ಎನ್ನಲಿಲ್ಲ. ಇಸ್ಮಾನಿ ಕೈಕಟ್ಟಲು ಹೋದಳು, ಒಂದು ಕೈ ಆಕೆಯ ಹಿಡಿತದಲ್ಲೇ ಇತ್ತು. ಶುರುಮಾಡಿದಳು. "ಭೇದಿಯಾದ ಮಗು ಸಾಯೋದು..." ಅಷ್ಟಕ್ಕೇ ನಿಂತಳು. ಮತ್ತೆ ಮೊದಲಿನಿಂದ ಹಿಡಿದಳು. ಮತ್ತೆ ಅಲ್ಲೇ ನಿಂತಳು. ಆ ಪದದ ಆಚೆಗೆ ಹೋಗಲು ಅವಳಿಂದ ಆಗಲಿಲ್ಲ. ಕ್ಲೆಮಾನ್ಸ್ ಇಬ್ಬರ ಮುಖವನ್ನೂ ನೋಡಿದಳು. ಅವಳ ಕಣ್ಣಿನಲ್ಲಿ ಅನುಮಾನ ಮೂಡುತ್ತಿತ್ತು. ಬಟ್ಟೆಯ ತುಂಡು ಇನ್ನೂ ಕೈಯಲ್ಲೇ ಇತ್ತು.

ಆಗ ಮದಾನ್ ಫೆನೆಲಿಸ್ ಮುಂದಿನದನ್ನು ತಾನೇ ಹಿಡಿದಳು. "ಭೇದಿಯಿಂದಲ್ಲ, ಮೈಯಲ್ಲಿನ ನೀರು ಬರಿದಾಗಿ." ಸಂತೆಯಲ್ಲಿ ಮೀನಿನ ಬೆಲೆ ಕೂಗುವ ದನಿಯಲ್ಲಿ ಹೇಳಿದಳು. ಮೂರು ಸೋಡಾ ಬಾಟಲಿ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ವಾಂತಿ ಮಾಡಿದರೆ ಸ್ವಲ್ಪ ತಡೆದು ಮತ್ತೆ. ಮಗು ಬೇಡ ಅಂದರೂ ಬಿಡಬೇಡ. ಒಂದೇ ಒಂದು ಸಲ, ತನ್ನ ಕೂಸನ್ನು ಮೇಜಿನ ಮೇಲೆ ಮಲಗಿಸಿ, ಕೇಳಿದ ಪಾಠ. ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದಳು.

ಕ್ಲೆಮಾನ್ಸ್ ಬಟ್ಟೆಯ ತುಂಡನ್ನು ಕೆಳಗಿಟ್ಟಳು. "ನಿಜಾನಾ ಅಕ್ಕಾ? ನೀನು ಕೊಟ್ಟಿದ್ಯಾ?"

"ನಾನು ಕೊಡಲಿಲ್ಲ," ಎಂದಳು ಮದಾನ್ ಫೆನೆಲಿಸ್. "ನೀನು ಕೊಡು."

ಕ್ಲೆಮಾನ್ಸ್ ಮಗನನ್ನು ಮದಾನ್ ಫೆನೆಲಿಸ್‌ಳ ತೋಳಿಗೆ ಕೊಟ್ಟು, ಬಾಟಲಿ ಹುಡುಕಲು ಒಳಗೆ ಹೋದಳು.